ತಟ್ಟೆಯಲ್ಲಿಲ್ಲದ ಮೀನಿನ ಲೆಕ್ಕ

ದಶಲಕ್ಷಣ ಪರ್ವ ಸಮೀಪಿಸಿದಂತೆಲ್ಲ ನಮ್ಮ ಸಂಘ-ಸಂಸ್ಥೆಗಳಿಂದ ನಗರಪಾಲಿಕೆಗಳಿಗೆ ಮನವಿಪತ್ರಗಳು ಹೋಗುವುದು ವಾಡಿಕೆ. ಪರ್ವದ ದಿನಗಳಲ್ಲಿ ಕಸಾಯಿಖಾನೆಗಳನ್ನು ಮುಚ್ಚಿಸಬೇಕೆಂಬುದು ಆ ಮನವಿಗಳ ಸಾರ. ಅಹಮದಾಬಾದಿನಲ್ಲಿ ಪರ್ಯೂಷಣದ ಒಂಬತ್ತು ದಿನಗಳ ಮಟ್ಟಿಗೆ ಕಸಾಯಿಖಾನೆಗಳನ್ನು ಮುಚ್ಚುವ ನಿರ್ಣಯವನ್ನು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಎತ್ತಿಹಿಡಿದ ಬಳಿಕ ಈ ಬೇಡಿಕೆಗೆ ಇನ್ನಷ್ಟು ಬಲ ಬಂದಿತು. ಮುಂಬಯಿಯಲ್ಲಿ 2015ರಲ್ಲಿ ಅದು ದೊಡ್ಡ ರಾಜಕೀಯ ವಿವಾದವೇ ಆಯಿತು. ಅಂತಹ ಮನವಿಗಳ ಯುಕ್ತಾಯುಕ್ತತೆಯನ್ನು ಇಲ್ಲಿ ಚರ್ಚಿಸುವ ಉದ್ದೇಶ ನಮಗಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯದು. ಇಷ್ಟು ವರ್ಷಗಳಲ್ಲಿ, ಪರ್ವದ ದಿನಗಳಲ್ಲಾದರೂ ಕಾರ್ಖಾನೆಗಳ ವಿಷಜಲವು ಹೊಳೆಗೆ ಸೇರದಿರಲೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಬಾಗಿಲು ತಟ್ಟಿದ ನಮ್ಮ ಸಂಘಗಳೆಷ್ಟು?

ಕತ್ತಿಯಿಂದ ಆಗುವ ಹಿಂಸೆ ನಮಗೆ ಕಾಣುತ್ತದೆ, ಬಲೆಯಿಂದ ಆಗುವ ಹಿಂಸೆಯೂ ಕಾಣುತ್ತದೆ. ಮೋರಿಯಿಂದ ಆಗುವ ಹಿಂಸೆ ಮಾತ್ರ ಕಾಣುವುದಿಲ್ಲ. ಪಾದರಸ, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ತಾಮ್ರ, ನಿಕಲ್ ಮುಂತಾದ ಭಾರಲೋಹಗಳು ಕೆರೆ-ಹೊಳೆಗಳಿಗೆ ಸೇರಿ ಮೀನುಗಳನ್ನು ಹೇಗೆ ಸವೆಸುತ್ತಿವೆ ಎಂಬುದನ್ನು ಮತ್ಸ್ಯವಿಜ್ಞಾನವು ದಶಕಗಳಿಂದ ದಾಖಲಿಸುತ್ತ ಬಂದಿದೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಸಮಾಜವೊಂದು ಈ ದಾಖಲೆಯನ್ನು ಓದದೆ ಇರಲಾಗದು. ಮೀನು ನಮ್ಮ ತಟ್ಟೆಯಲ್ಲಿಲ್ಲ ಎಂಬುದು ನಿಜ. ನಮ್ಮ ವ್ಯಾಪಾರದ ಲೆಕ್ಕಪುಸ್ತಕದಲ್ಲಿಯೂ ಅದು ಇಲ್ಲವೆಂದು ಎದೆ ತಟ್ಟಿ ಹೇಳಬಲ್ಲೆವೇ ಎಂಬುದೇ ಈ ಸಂಪಾದಕೀಯದ ವಿಷಯ.

ಮೊದಲು ಮೀನಿನ ಮಾತು. ಜೈನ ಜೀವವಿಚಾರದಲ್ಲಿ ಮೀನು ಅಲ್ಪಜೀವಿಯಲ್ಲ. ಅದು ಪಂಚೇಂದ್ರಿಯ ತಿರ್ಯಂಚ. ಹದಿನೆಂಟನೆಯ ತೀರ್ಥಂಕರ ಅರನಾಥ ಸ್ವಾಮಿಯ ಲಾಂಛನವಾಗಿ ದಿಗಂಬರ ಪರಂಪರೆಯು ಮೀನನ್ನು ಪೀಠದ ಮೇಲೆಯೇ ಇರಿಸಿದೆ. ಇನ್ನು ಹಿಂಸೆಯೆಂದರೆ ಏನು? ಪ್ರಮಾದದಿಂದ ಪ್ರಾಣಗಳನ್ನು ಬೇರ್ಪಡಿಸುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಪ್ರಾಣಗಳು ಹತ್ತು: ಐದು ಇಂದ್ರಿಯಗಳು, ಮನ-ವಚನ-ಕಾಯಗಳೆಂಬ ಮೂರು ಬಲಗಳು, ಶ್ವಾಸೋಚ್ಛ್ವಾಸ ಮತ್ತು ಆಯು. ಆದುದರಿಂದ ಜೀವಿಯೊಂದು ಸತ್ತಾಗ ಮಾತ್ರ ಹಿಂಸೆಯಾಯಿತೆಂದು ತಿಳಿಯುವುದು ನಮ್ಮ ಶಾಸ್ತ್ರಕ್ಕೆ ಸಮ್ಮತವಲ್ಲ. ಹತ್ತರಲ್ಲಿ ಒಂದು ಪ್ರಾಣಕ್ಕೆ ಧಕ್ಕೆ ತಂದರೂ ಅದು ಹಿಂಸೆಯೇ. ಭಾರಲೋಹಗಳು ಮೀನಿಗೆ ಮಾಡುವುದನ್ನು ಈ ದೃಷ್ಟಿಯಿಂದ ನೋಡಿದರೆ ವಿಷಯವು ನಮಗೆ ಬೇಗ ಅರ್ಥವಾಗುತ್ತದೆ.

ಮೊದಲ ಪೆಟ್ಟು ಬೀಳುವುದು ಶ್ವಾಸೋಚ್ಛ್ವಾಸದ ಮೇಲೆ. ಮೀನಿನ ಕಿವಿರು ಅತಿ ತೆಳುವಾದ ಪದರಗಳ ರಚನೆ. ನೀರಿನಲ್ಲಿ ಕರಗಿದ ಆಮ್ಲಜನಕವು ರಕ್ತಕ್ಕೆ ಸೇರುವುದು ಅದರ ಮೂಲಕ. ಲೋಹ ಬೆರೆತ ನೀರು ತಗಲಿದಾಗ ಕಿವಿರು ತನ್ನನ್ನು ಕಾಪಾಡಿಕೊಳ್ಳಲು ಲೋಳೆಯನ್ನು ಸ್ರವಿಸುತ್ತದೆ, ಪದರಗಳು ಊದಿಕೊಳ್ಳುತ್ತವೆ, ಕ್ರಮೇಣ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಗ ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಮೀನಿಗೆ ಅದು ದಕ್ಕುವುದಿಲ್ಲ. ರಕ್ತದ ಲವಣಾಂಶವನ್ನು ಕಾಯುವ ಕೆಲಸವೂ ಕಿವಿರಿನದೇ. ತಾಮ್ರವು ಆ ವ್ಯವಸ್ಥೆಯನ್ನು ಕೆಡಿಸಿದರೆ ದೇಹದ ಸೋಡಿಯಂ ನೀರಿಗೆ ಸೋರಿಹೋಗುತ್ತದೆ. ಕ್ಯಾಡ್ಮಿಯಂ ಕ್ಯಾಲ್ಸಿಯಂನ ಪ್ರವೇಶಮಾರ್ಗವನ್ನೇ ಅಡ್ಡಗಟ್ಟುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿರುವುದರಿಂದ ಮೀನಿಗೆ ಸ್ವಲ್ಪ ರಕ್ಷಣೆಯಿದೆ. ಮಲೆನಾಡಿನಂತಹ ಮೆದುನೀರಿನ ಪ್ರದೇಶಗಳಲ್ಲಿ ಅದೂ ಇಲ್ಲ.

ಎರಡನೆಯದು ಘ್ರಾಣೇಂದ್ರಿಯ. ಆಹಾರ, ಸಂಗಾತಿ, ಶತ್ರು ಇವನ್ನೆಲ್ಲ ಮೀನು ಬಹುಮಟ್ಟಿಗೆ ವಾಸನೆಯಿಂದ ಗುರುತಿಸುತ್ತದೆ. ಗುಂಪಿನ ಒಂದು ಮೀನಿಗೆ ಗಾಯವಾದರೆ ಅದರ ಚರ್ಮದಿಂದ ಹೊರಡುವ ದ್ರವ್ಯವನ್ನು ಮೂಸಿ ಉಳಿದವು ಎಚ್ಚರಗೊಳ್ಳುತ್ತವೆ. ಲೀಟರ್ ನೀರಿಗೆ ಕೆಲವೇ ಮೈಕ್ರೋಗ್ರಾಂ ತಾಮ್ರ ಕರಗಿದ್ದರೂ ಕೆಲವು ಗಂಟೆಗಳಲ್ಲಿ ಈ ಶಕ್ತಿ ಮಂಕಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಅಂತಹ ಮೀನು ಹೊರನೋಟಕ್ಕೆ ಆರೋಗ್ಯವಾಗಿಯೇ ಈಜುತ್ತಿರುತ್ತದೆ. ಹತ್ತಿರ ಬಂದ ಅಪಾಯ ಅದಕ್ಕೆ ತಿಳಿಯುವುದಿಲ್ಲ.

ಮೂರನೆಯದು ಕಾಯಬಲ ಮತ್ತು ಮನೋಬಲ. ಸೀಸವು ರಕ್ತದ ಉತ್ಪತ್ತಿಗೆ ಬೇಕಾದ ಕಿಣ್ವವನ್ನು ತಡೆದು ಮೀನನ್ನು ರಕ್ತಹೀನವಾಗಿಸುತ್ತದೆ. ಯಕೃತ್ತು ಮತ್ತು ಮೂತ್ರಪಿಂಡಗಳು ಲೋಹವನ್ನು ಹಿಡಿದಿಡುವ ಒಂದು ಬಗೆಯ ಪ್ರೋಟೀನನ್ನು ತಯಾರಿಸಿ ಸ್ವಲ್ಪ ಕಾಲ ಹೋರಾಡುತ್ತವೆ; ಬರುವ ಲೋಹ ನಿಲ್ಲದಿದ್ದರೆ ಆ ಶಕ್ತಿಯೂ ಉಡುಗುತ್ತದೆ. ಷಡ್‌ವೇಲೆನ್ಸಿಯ ಕ್ರೋಮಿಯಂ ಕಿವಿರಿನ ಮೂಲಕ ಸುಲಭವಾಗಿ ಒಳಹೊಕ್ಕು ಜೀವಕೋಶಗಳನ್ನು ಹಾಳುಗೆಡವುತ್ತದೆ. ಮೀಥೈಲ್ ಪಾದರಸವು ಮೆದುಳನ್ನು ತಲುಪಿ ಈಜುವ ಹದವನ್ನೂ ತಪ್ಪಿಸಿಕೊಳ್ಳುವ ಚುರುಕನ್ನೂ ಕಸಿಯುತ್ತದೆ. ಮೊಟ್ಟೆಗಳ ಸಂಖ್ಯೆ ಕುಗ್ಗುತ್ತದೆ, ಮರಿಗಳಲ್ಲಿ ಬೆನ್ನೆಲುಬು ಡೊಂಕಾಗುತ್ತದೆ. ಕಡೆಯದಾದ ಆಯುಪ್ರಾಣ ಹೋಗುವ ಹೊತ್ತಿಗೆ ಉಳಿದ ಪ್ರಾಣಗಳಲ್ಲಿ ಹಲವು ಮೊದಲೇ ಹೋಗಿರುತ್ತವೆ.

ಇದು ಸುದ್ದಿಯಾಗುವ ಮರಣವಲ್ಲ. ನಮ್ಮ ಓದುಗರಲ್ಲಿ ಅನೇಕರ ಮೂಲವು ಬೆಳಗಾವಿ, ಕೊಲ್ಲಾಪುರ, ಸಾಂಗ್ಲಿಗಳ ಸೀಮೆ. ಅಲ್ಲಿಯ ಪಂಚಗಂಗಾ ನದಿಯಲ್ಲಿ ರಾಶಿರಾಶಿ ಮೀನುಗಳು ಸತ್ತು ತೇಲಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ನೋಡಿದ್ದೇವೆ. ಕೊಳಚೆಯೂ ಕಾರ್ಖಾನೆಗಳ ಸಾವಯವ ತ್ಯಾಜ್ಯವೂ ಸೇರಿ ಆಮ್ಲಜನಕ ಕುಸಿದಾಗ ಸಾಮಾನ್ಯವಾಗಿ ಹೀಗಾಗುತ್ತದೆ. ಅಂದು ಗದ್ದಲವೇಳುತ್ತದೆ, ಅಧಿಕಾರಿಗಳು ಬರುತ್ತಾರೆ. ಭಾರಲೋಹದಿಂದ ಸವೆಯುವ ಮೀನು ಹೀಗೆ ಒಂದೇ ದಿನ ತೇಲುವುದಿಲ್ಲ. ಮರಿಗಳು ಬದುಕುವುದಿಲ್ಲ, ಸೂಕ್ಷ್ಮ ಜಾತಿಗಳು ಮರೆಯಾಗುತ್ತವೆ, ಕೊಳಕು ನೀರನ್ನು ತಾಳಬಲ್ಲ ಒಂದೆರಡು ಜಾತಿಗಳು ಉಳಿಯುತ್ತವೆ. ಯಾವ ಪಂಚನಾಮೆಯಲ್ಲಿಯೂ ಅದು ನಮೂದಾಗುವುದಿಲ್ಲ.

ಇದಕ್ಕೊಂದು ಸ್ಪಷ್ಟ ನಿದರ್ಶನ ಕೊಡೈಕೆನಾಲ್. ಅಮೆರಿಕದ ನ್ಯೂಯಾರ್ಕ್ ಪ್ರಾಂತದ ವಾಟರ್‌ಟೌನ್‌ನಲ್ಲಿದ್ದ ಪಾದರಸದ ಥರ್ಮಾಮೀಟರ್ ಕಾರ್ಖಾನೆಯ ಯಂತ್ರಗಳನ್ನು 1980ರ ದಶಕದ ಆರಂಭದಲ್ಲಿ ಆ ಗಿರಿಧಾಮಕ್ಕೆ ತರಲಾಯಿತು. ಮೊದಲು ಪಾಂಡ್ಸ್ ಸಂಸ್ಥೆಯದಾಗಿದ್ದ ಅದು ಬಳಿಕ ಹಿಂದೂಸ್ತಾನ್ ಲೀವರ್‌ನ ವಶಕ್ಕೆ ಬಂದಿತು. ಪಾದರಸವಿದ್ದ ಒಡೆದ ಗಾಜು ಊರಿನ ಗುಜರಿಯೊಂದರಲ್ಲಿ ಬಿದ್ದಿರುವುದು 2001ರಲ್ಲಿ ಬಯಲಾದ ಮೇಲೆ ಕಾರ್ಖಾನೆ ಮುಚ್ಚಿತು. ಪಾದರಸಯುಕ್ತ ತ್ಯಾಜ್ಯವನ್ನು 2003ರಲ್ಲಿ ಅಮೆರಿಕಕ್ಕೇ ಹಿಂದಿರುಗಿಸಲಾಯಿತು. ಭಾಭಾ ಅಣುಸಂಶೋಧನಾ ಕೇಂದ್ರದ ಹೈದರಾಬಾದ್ ಪ್ರಯೋಗಾಲಯದ ವಿಜ್ಞಾನಿಗಳು ಕೊಡೈ ಸರೋವರದ ನೀರು, ಹೂಳು ಮತ್ತು ಮೀನುಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಲ್ಲಿಯೂ ಪಾದರಸ ಪತ್ತೆಯಾಗಿತ್ತು. ಸರೋವರದ ಮಾಲಿನ್ಯಕ್ಕೆ ಕಾರ್ಖಾನೆಯಿಂದ ಹೊರಬಿದ್ದ ಪಾದರಸವೇ ಕಾರಣವೆಂದು ಅವರು ತೀರ್ಮಾನಿಸಿದ್ದರು. ಕಾರ್ಮಿಕರ ಆರೋಗ್ಯಕ್ಕೆ ಹಾನಿಯಾಗಿಲ್ಲವೆಂದೇ ಕಂಪನಿ ವಾದಿಸುತ್ತ ಬಂದಿತು. ಆದರೂ 2016ರಲ್ಲಿ 591 ಮಾಜಿ ಕಾರ್ಮಿಕರೊಡನೆ ರಾಜಿ ಒಪ್ಪಂದ ಮಾಡಿಕೊಂಡಿತು. ಆ ಹೊತ್ತಿಗೂ ಕಾರ್ಖಾನೆಯ ಮಣ್ಣಿನ ಶುದ್ಧೀಕರಣ ಮುಗಿದಿರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು, ಪಾದರಸವು ಹೂಳನ್ನು ಸೇರಿದ ಮೇಲೆ ನಡೆಯುವ ಕ್ರಿಯೆ. ಹೂಳಿನಲ್ಲಿರುವ ಬ್ಯಾಕ್ಟೀರಿಯಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದನ್ನು ಸೂಕ್ಷ್ಮಜೀವಿಗಳು, ಅವನ್ನು ಚಿಕ್ಕ ಮೀನು, ಅದನ್ನು ದೊಡ್ಡ ಮೀನು ತಿನ್ನುತ್ತ ಹೋದಂತೆ ಪ್ರತಿ ಹಂತದಲ್ಲಿಯೂ ಪಾದರಸದ ಸಾಂದ್ರತೆ ಏರುತ್ತದೆ. ಥರ್ಮಾಮೀಟರಿನಲ್ಲಿ ಮಾಂಸವಿಲ್ಲ, ಮೂಳೆಯಿಲ್ಲ, ಚರ್ಮವಿಲ್ಲ. ನಮ್ಮ ಯಾವ ಶ್ರಾವಕನೂ ಅದರ ವ್ಯಾಪಾರವನ್ನು ಹಿಂಸಾಮಯವೆಂದು ತಿರಸ್ಕರಿಸುತ್ತಿರಲಿಲ್ಲ. ಆದರೂ ಅದರ ಹಿಂಸೆ ಬೆಟ್ಟದ ಮೇಲಿನ ಸರೋವರದ ಮೀನಿನ ಮೈಯೊಳಗೆ ಇಳಿದಿತ್ತು.

ಅದು ದೊಡ್ಡ ಕಂಪನಿಯ ಕಥೆ, ನಮಗೇನು ಎಂದು ಕೆಲವರು ಕೇಳಿಯಾರು. ನಮ್ಮ ಮನೆಗಳಿಗೆ ಹತ್ತಿರವಾದ ಉದ್ಯಮಗಳನ್ನೇ ನೋಡೋಣ. ದೆಹಲಿಯ ವಜೀರ್‌ಪುರದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತಗಡನ್ನು ಆಮ್ಲದಲ್ಲಿ ತೊಳೆದು ಹೊಳಪು ಬರಿಸುವ ಘಟಕಗಳಿವೆ. ಆ ತೊಳೆದ ನೀರಿನಲ್ಲಿ ಕ್ರೋಮಿಯಂ ಮತ್ತು ನಿಕಲ್ ಇರುತ್ತವೆ. ಆ ಭಾಗದ ಕೊಳೆನೀರನ್ನು ಹೊತ್ತೊಯ್ಯುವ ನಜಫ್‌ಗಢ ನಾಲೆಯು ವಜೀರಾಬಾದ್ ಬ್ಯಾರೇಜಿನ ಕೆಳಗೆ ಯಮುನೆಗೆ ಸೇರುತ್ತದೆ. ಎಲ್ಲ ಮಹಾನಗರಗಳ ಕೈಗಾರಿಕಾ ವಸಾಹತುಗಳಲ್ಲಿಯೂ ನಿಕಲ್-ಕ್ರೋಮ್ ಪ್ಲೇಟಿಂಗ್ ಮಾಡುವ ಚಿಕ್ಕ ಶೆಡ್‌ಗಳಿವೆ. ನಲ್ಲಿ, ಬಾಗಿಲ ಹಿಡಿ, ವಾಹನದ ಬಿಡಿಭಾಗ, ಕಡೆಗೆ ನಮ್ಮ ಸಮಾರಂಭಗಳಲ್ಲಿ ಹಂಚುವ ಹೊಳೆಯುವ ಸ್ಮರಣಿಕೆಗಳೂ ಅಲ್ಲಿಂದಲೇ ಬರುತ್ತವೆ. ಯಾವ ಶೆಡ್ಡು ಯಾವ ಜಾತಿಯವರದು ಎಂಬ ಗಣತಿ ಇಲ್ಲಿ ಪ್ರಸ್ತುತವಲ್ಲ. ನಡೆಸುವವರು, ಸಾಲ ಕೊಡುವವರು, ಬಾಡಿಗೆಗೆ ಕೊಡುವವರು, ಮಾರುವವರು, ಲೆಕ್ಕ ಬರೆಯುವವರು, ಕೊಳ್ಳುವವರು ಇವರಲ್ಲಿ ಒಂದಲ್ಲ ಒಂದು ಸ್ಥಾನದಲ್ಲಿ ನಾವಿದ್ದೇವೆ. ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯ ಹೊಣೆಯನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ನಮಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಈ ಮಾತು ಬಂದಾಗಲೆಲ್ಲ ನಮ್ಮವರು ಒಡ್ಡುವ ಸಮಾಧಾನವೊಂದಿದೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಮಾತ್ರ ಪೂರ್ಣವಾಗಿ ತ್ಯಜಿಸಬೇಕು. ಉದ್ಯೋಗೀ ಹಿಂಸೆ ಜೀವನೋಪಾಯಕ್ಕೆ ಅನಿವಾರ್ಯ ಎಂಬುದು ಆ ಸಮಾಧಾನ. ಶಾಸ್ತ್ರವು ಈ ವಿಭಾಗವನ್ನು ಮಾಡಿರುವುದು ನಿಜ. ಉದ್ಯೋಗದಲ್ಲಿ ಎಚ್ಚರ ವಹಿಸಿದ ಬಳಿಕವೂ ಉಳಿಯುವ ಹಿಂಸೆಗೆ ಆ ರಿಯಾಯಿತಿ ಸಲ್ಲುತ್ತದೆ. ತಡೆಯುವ ಉಪಾಯ ಗೊತ್ತಿದ್ದು, ಉಪಕರಣವೂ ಆವರಣದಲ್ಲಿದ್ದು, ವಿದ್ಯುತ್ತಿನ ಖರ್ಚು ಉಳಿಸಲು ರಾತ್ರಿಯ ಹೊತ್ತು ನೇರವಾಗಿ ಮೋರಿಗೆ ಬಿಡುವ ವಿಷಜಲಕ್ಕೆ ಅದು ಸಲ್ಲಲಾರದು. ಅಲ್ಲಿರುವುದು ಪ್ರಮಾದ, ತಿಳಿದೂ ಮಾಡಿದಾಗ ಸಂಕಲ್ಪ. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ ಶ್ರಾವಕನಿಗೆ ವರ್ಜ್ಯವಾದ ಹದಿನೈದು ಖರಕರ್ಮಗಳ ಪಟ್ಟಿಯನ್ನು ಉಲ್ಲೇಖಿಸುತ್ತಾನೆ. ವಿಷದ ವಾಣಿಜ್ಯವೂ ಸರೋವರಗಳನ್ನು ಬತ್ತಿಸುವ ವೃತ್ತಿಯೂ ಅದರಲ್ಲಿವೆ. ಅಷ್ಟಕ್ಕೇ ನಿಲ್ಲದೆ, ಪಾಪಮಯ ವೃತ್ತಿಗಳು ಎಣಿಕೆಗೆ ಮೀರಿದುವಾದ್ದರಿಂದ ಹದಿನೈದೆಂದು ಲೆಕ್ಕವಿಡುವುದೇ ಸರಿಯಲ್ಲವೆಂದೂ ಅವನು ಹೇಳುತ್ತಾನೆ. ಪಟ್ಟಿಯಲ್ಲಿಲ್ಲದ ಕಾರಣಕ್ಕೆ ತಪ್ಪಿಸಿಕೊಳ್ಳುವ ದಾರಿಯನ್ನು ಅವನು ಆಗಲೇ ಮುಚ್ಚಿದ್ದಾನೆ.

ಕಾಣದ ಈ ಹಿಂಸೆಯನ್ನು ಕಾಣುವುದು ಹೇಗೆ? ಇಲ್ಲಿ ಲೆಕ್ಕಪರಿಶೋಧಕರು ಒಂದು ಮಾತು ಸೇರಿಸಬಹುದು. ಕೊಳಚೆಯ ಸಾವಯವ ಅಂಶ ಕಾಲಕ್ರಮದಲ್ಲಿ ಕೊಳೆತು ಬೇರೆಯಾದೀತು. ಲೋಹವು ಮೂಲಧಾತು, ಅದು ಎಲ್ಲಿಯೂ ಮಾಯವಾಗುವುದಿಲ್ಲ. ಪುದ್ಗಲಕ್ಕೆ ನಾಶವಿಲ್ಲ, ಪರ್ಯಾಯ ಮಾತ್ರ ಬದಲಾಗುತ್ತದೆ ಎಂದು ನಮ್ಮ ದರ್ಶನವೂ ಹೇಳುತ್ತದೆ. ಹಾಗಿದ್ದ ಮೇಲೆ ಲೋಹದ ಲೆಕ್ಕ ತಾಳೆಯಾಗಲೇಬೇಕು. ವರ್ಷದ ಆರಂಭದ ದಾಸ್ತಾನು ಮತ್ತು ಖರೀದಿ ಒಂದು ಕಡೆ. ಸರಕಿನ ಮೇಲೆ ಕುಳಿತದ್ದು, ರಾಡಿಯಲ್ಲಿ ಹೋದದ್ದು, ಕಡೆಯ ದಾಸ್ತಾನು ಇನ್ನೊಂದು ಕಡೆ. ವ್ಯತ್ಯಾಸವೆಲ್ಲ ಮೋರಿಗೆ ಹೋಗಿದೆ ಎಂದೇ ಅರ್ಥ.

ಕ್ರೋಮ್ ಪ್ಲೇಟಿಂಗಿನಲ್ಲಿ ಸರಕನ್ನು ತೊಟ್ಟಿಯಿಂದ ಎತ್ತಿ ತೊಳೆಯುವಾಗ ದ್ರಾವಣದ ಒಂದು ಪಾಲು ತೊಳೆನೀರಿಗೆ ಸೇರುತ್ತದೆ. ಅದನ್ನು ನಿರ್ವಿಷಗೊಳಿಸುವ ಕ್ರಮ ಹಳೆಯದು. ನೀರನ್ನು ಆಮ್ಲೀಯವಾಗಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದರೆ ಷಡ್‌ವೇಲೆನ್ಸಿಯ ಕ್ರೋಮಿಯಂ ತ್ರಿವೇಲೆನ್ಸಿಯಾಗುತ್ತದೆ. ಬಳಿಕ ಸುಣ್ಣ ಹಾಕಿದರೆ ಅದು ರಾಡಿಯಾಗಿ ತಳಕ್ಕೆ ಕೂರುತ್ತದೆ. ಆ ರಾಡಿಯನ್ನು ಅಪಾಯಕಾರಿ ತ್ಯಾಜ್ಯದ ಅಧಿಕೃತ ನೆಲೆಗೆ ಸಾಗಿಸಬೇಕು. ಸಾಗಣೆಯ ದಾಖಲೆ 2016ರ ನಿಯಮಗಳ ಪ್ರಕಾರ ಕಡ್ಡಾಯ. ಆದುದರಿಂದ ಘಟಕವೊಂದರ ಪುಸ್ತಕದಲ್ಲಿ ಕ್ರೋಮಿಕ್ ಆಮ್ಲದ ಖರೀದಿ ಧಾರಾಳವಾಗಿದ್ದು, ಸುಣ್ಣದ ಬಿಲ್ಲಿಲ್ಲ, ಮೆಟಾಬೈಸಲ್ಫೈಟಿನ ಬಿಲ್ಲಿಲ್ಲ, ರಾಡಿ ಸಾಗಿಸಿದ ಚೀಟಿಯೂ ಇಲ್ಲವೆಂದಾದರೆ, ಹೊಳೆಗೆ ಹೋಗಿ ನೋಡುವ ಅಗತ್ಯವೇ ಇಲ್ಲ. ಮೀನಿಗೆ ಏನಾಗಿದೆಯೆಂಬುದು ಆ ಖರ್ಚಿನ ಖಾತೆಯಲ್ಲಿಯೇ ಬರೆದಿದೆ.

ಈ ತಾಳೆಯನ್ನು ಕಾನೂನು ಕೇಳುತ್ತಿದೆಯೇ? ಆದಾಯ ತೆರಿಗೆಯ ಲೆಕ್ಕಪರಿಶೋಧನೆಯ ನಮೂನೆಯು ಮುಖ್ಯ ಕಚ್ಚಾವಸ್ತುಗಳ ದಾಸ್ತಾನು-ಖರೀದಿಯ ಲೆಕ್ಕ ಕೇಳಿದರೂ, ಮೋರಿಗೆ ಹೋದ ಲೋಹದ ಬಗ್ಗೆ ಕೇಳುವುದಿಲ್ಲ. ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿಯನ್ನು ಸೆಬಿಯು 2022-23ರಿಂದ ಕಡ್ಡಾಯಗೊಳಿಸಿರುವುದು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಒಂದು ಸಾವಿರ ನೋಂದಾಯಿತ ಕಂಪನಿಗಳಿಗೆ ಮಾತ್ರ. ಪಾಲುದಾರಿಕೆಯ, ಒಡೆತನದ ಚಿಕ್ಕ ಘಟಕಗಳು ಅದರ ಹೊರಗಿವೆ. ಮಂಡಳಿಯ ಮಾನದಂಡಗಳೂ ಮೀನಿನ ಕಡೆಯಿಂದ ನೋಡಿದರೆ ಉದಾರವಾಗಿಯೇ ಇವೆ. ನದಿಗೆ ಬಿಡುವ ತ್ಯಾಜ್ಯಜಲದಲ್ಲಿ ತಾಮ್ರವು ಲೀಟರಿಗೆ 3 ಮಿಲಿಗ್ರಾಂವರೆಗೆ ಇರಬಹುದೆಂದು ಸಾಮಾನ್ಯ ಮಾನದಂಡ ಹೇಳುತ್ತದೆ. ಮರಿಮೀನುಗಳಿಗೆ ಕೇಡಾಗಲು ಅದರ ಚಿಕ್ಕ ಅಂಶವೇ ಸಾಕು. ಹೊಳೆಯ ನೀರಿನಲ್ಲಿ ಬೆರೆತು ತೆಳುವಾಗುತ್ತದೆಂಬ ನಂಬಿಕೆ ಇದರ ಹಿಂದಿದೆ. ಬೇಸಿಗೆಯಲ್ಲಿ ಹೊಳೆಯೇ ಮೋರಿಯಾದಾಗ ಯಾವುದರಲ್ಲಿ ಬೆರೆತು ತೆಳುವಾಗಬೇಕು?

ರಾಜಕೀಯವೂ ಈ ವಿಷಯದಲ್ಲಿ ಹಿಂದಕ್ಕೆ ಸರಿದಿದೆ. 1974ರ ಜಲಮಾಲಿನ್ಯ ಕಾಯಿದೆಗೆ ಸಂಸತ್ತು 2024ರಲ್ಲಿ ತಂದ ತಿದ್ದುಪಡಿಯು ಹಲವು ಅಪರಾಧಗಳಿಗಿದ್ದ ಸೆರೆವಾಸವನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗಿನ ದಂಡವನ್ನು ಇರಿಸಿತು. ಆರಂಭದಲ್ಲಿ ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅದು ಅನ್ವಯಿಸಿತು. ಉಳಿದ ರಾಜ್ಯಗಳು ಶಾಸನಸಭೆಯ ನಿರ್ಣಯದ ಮೂಲಕ ಒಪ್ಪಿಕೊಳ್ಳಬಹುದು. ವ್ಯಾಪಾರವನ್ನು ಸುಗಮಗೊಳಿಸುವ ಕ್ರಮವೆಂದು ನಮ್ಮ ವಾಣಿಜ್ಯಮಂಡಲಗಳಲ್ಲಿ ಇದನ್ನು ಸ್ವಾಗತಿಸಿದವರಿದ್ದಾರೆ. ಕಾಗದಪತ್ರದ ಚಿಕ್ಕ ಲೋಪಕ್ಕೆ ಸೆರೆಮನೆ ಬೇಡವೆಂಬ ವಾದದಲ್ಲಿ ಹುರುಳಿದೆ. ನೀರಿಗೆ ವಿಷ ಬಿಡುವುದನ್ನೂ ಅದೇ ಸಾಲಿಗೆ ಸೇರಿಸಿದಾಗ ದಂಡವು ಶಿಕ್ಷೆಯಾಗಿ ಉಳಿಯದೆ ಉತ್ಪಾದನೆಯ ಖರ್ಚಿನ ಇನ್ನೊಂದು ಬಾಬತ್ತಾಗುತ್ತದೆ. ಕಸಾಯಿಖಾನೆಯ ಬಾಗಿಲಲ್ಲಿ ಕಠಿಣ ಕಾನೂನು ಬೇಡುವ ನಾವು ಕಾರ್ಖಾನೆಯ ಬಾಗಿಲಲ್ಲಿ ಮೃದು ಕಾನೂನು ಬೇಡಿದರೆ, ನಮ್ಮ ಅಹಿಂಸೆ ಅನ್ಯರ ಆಹಾರಕ್ಕೆ ಮಾತ್ರ ಸೀಮಿತವೆಂಬ ಆಕ್ಷೇಪಕ್ಕೆ ನಮ್ಮಲ್ಲಿ ಉತ್ತರವಿರದು.

ಎರಡು ಆಕ್ಷೇಪಗಳನ್ನು ಪರಿಶೀಲಿಸಬೇಕು. ನೀರು ಕೆಟ್ಟರೆ ಮೀನುಗಾರಿಕೆ ನಿಲ್ಲುತ್ತದೆ, ಅದೂ ಒಂದು ಬಗೆಯ ಜೀವದಯೆಯಲ್ಲವೇ ಎಂಬ ಕುಯುಕ್ತಿ ಮೊದಲನೆಯದು. ಮೀನುಗಾರಿಕೆ ನಿಲ್ಲುವುದಿಲ್ಲ. ಲೋಹ ತುಂಬಿದ ಮೀನನ್ನು ಹಿಡಿಯುವವರು ಬಡವರು, ಅಗ್ಗವಾಗಿ ಕೊಂಡು ತಿನ್ನುವವರೂ ಬಡವರು. ಮೊದಲು ಬಲೆಗೆ ಬಿದ್ದ ಮೀನನ್ನು ಬಿಟ್ಟುಬಿಡುವ ವ್ರತ ತೊಟ್ಟು, ಮತ್ತೆ ಮತ್ತೆ ಬಲೆಗೆ ಬಂದ ಅದೇ ಮೀನನ್ನು ಮತ್ತೆ ಮತ್ತೆ ನೀರಿಗೆ ಬಿಟ್ಟ ಮೃಗಸೇನನೆಂಬ ಬೆಸ್ತನ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳುತ್ತೇವೆ. ಬಲೆಯ ಬೆಸ್ತನಿಗೆ ಒಂದು ಮೀನನ್ನು ಬಿಡುವ ಅವಕಾಶವಿತ್ತು. ಮೋರಿಯ ವಿಷಕ್ಕೆ ಆ ವಿವೇಚನೆಯೂ ಇಲ್ಲ. ಚಿಕ್ಕ ಘಟಕಕ್ಕೆ ಶುದ್ಧೀಕರಣದ ಖರ್ಚು ಭರಿಸಲಾಗದೆಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಹಲವು ಘಟಕಗಳು ಕೂಡಿ ನಡೆಸುವ ಸಾಮೂಹಿಕ ಶುದ್ಧೀಕರಣ ಘಟಕಗಳಿರುವುದು ಈ ಕಾರಣಕ್ಕಾಗಿಯೇ. ಸರಕಿನಿಂದ ತೊಟ್ಟಿಕ್ಕುವ ದ್ರಾವಣವನ್ನು ಹಿಡಿದು ಮತ್ತೆ ಬಳಸಿದರೆ ಖರೀದಿಯ ಖರ್ಚೂ ಇಳಿಯುತ್ತದೆ. ಒಂದು ಪಂಚಕಲ್ಯಾಣಕ್ಕೆ ಹಣ ಕೂಡಿಸಬಲ್ಲ ಸಮಾಜಕ್ಕೆ ತನ್ನವರ ಹತ್ತು ಶೆಡ್‌ಗಳಿಗೊಂದು ಶುದ್ಧೀಕರಣ ನಿಧಿಯನ್ನು ಕೂಡಿಸುವುದು ಅಸಾಧ್ಯವಲ್ಲ.

2011ರ ಜನಗಣತಿಯಂತೆ ದೇಶದಲ್ಲಿ ನಾವು ಸುಮಾರು 44.5 ಲಕ್ಷ ಮಂದಿ. ಮತಬಲ ಅಲ್ಪ. ವಾಣಿಜ್ಯದಲ್ಲಿ ನಮ್ಮ ಮಾತಿಗೆ ಸಂಖ್ಯೆಗೆ ಮೀರಿದ ತೂಕವಿದೆ. ಆದುದರಿಂದ ಈ ಪರ್ವದೊಳಗೆ ನಮ್ಮ ಸಂಘಗಳು ನಾಲ್ಕು ಕೆಲಸಗಳನ್ನು ಆರಂಭಿಸಲೆಂದು ಸೂಚಿಸುತ್ತೇವೆ.

ಮೊದಲನೆಯದಾಗಿ, ಪ್ಲೇಟಿಂಗ್, ಉಕ್ಕು, ಬಣ್ಣ, ಬ್ಯಾಟರಿ, ಗುಜರಿ ಉದ್ಯಮಗಳಲ್ಲಿರುವ ಸದಸ್ಯರು ವರ್ಷಕ್ಕೊಮ್ಮೆ ಲೋಹದ ತಾಳೆಪಟ್ಟಿಯನ್ನು ಸಿದ್ಧಪಡಿಸಲಿ. ಉತ್ತಮ ಆರ್ಜವ ಧರ್ಮದ ದಿನ ಅದಕ್ಕೆ ಯೋಗ್ಯ. ನಮ್ಮ ಸಮಾಜದ ಲೆಕ್ಕಪರಿಶೋಧಕರು ಶುಲ್ಕವಿಲ್ಲದೆ ಅದನ್ನು ಪರಿಶೀಲಿಸಿ ಕೊಡಲಿ.

ಎರಡನೆಯದಾಗಿ, ಅಭಿಷೇಕ-ಕಲಶಗಳ ಸವಾಲಿನಲ್ಲಿ ದೊಡ್ಡ ಮೊತ್ತ ಕೂಗುವ ಉದ್ಯಮಿಯಿಂದ ಹಣ ಪಡೆಯುವ ಮುನ್ನ, ಅವರ ಘಟಕಕ್ಕೆ ಮಾಲಿನ್ಯ ಮಂಡಳಿಯ ಚಾಲ್ತಿಯ ಸಮ್ಮತಿಪತ್ರವಿದೆಯೇ ಎಂದು ಟ್ರಸ್ಟುಗಳು ಕೇಳಲಿ. ಕೇಳಲು ಸಂಕೋಚವಾದೀತು. ಮದ್ಯದ ಅಥವಾ ಮಾಂಸದ ವ್ಯಾಪಾರಿಯ ಹಣವನ್ನು ನಿರಾಕರಿಸಲು ನಮಗೆ ಆ ಸಂಕೋಚವಾಗುವುದಿಲ್ಲ.

ಮೂರನೆಯದಾಗಿ, ಪರ್ವದ ಮನವಿಪತ್ರದಲ್ಲಿ ಒಂದು ಬೇಡಿಕೆ ಹೆಚ್ಚಲಿ: ನಗರದ ಕೆರೆ-ಹೊಳೆಗಳ ನೀರು, ಹೂಳು, ಮೀನು ಮೂರರಲ್ಲಿಯೂ ಲೋಹದ ಪ್ರಮಾಣವನ್ನು ಮಂಡಳಿಯು ಪ್ರತಿವರ್ಷ ಅಳೆದು ಪ್ರಕಟಿಸಬೇಕು. ನೀರನ್ನು ಮಾತ್ರ ಅಳೆದರೆ ಹೂಳಿನಲ್ಲಿ ಅಡಗಿದ್ದು ತಿಳಿಯುವುದಿಲ್ಲ. ಮತ ಕೇಳಲೋ ದೇಣಿಗೆ ಕೇಳಲೋ ಬರುವ ಅಭ್ಯರ್ಥಿಗಳ ಮುಂದೆಯೂ ಇದೇ ಬೇಡಿಕೆಯಿರಲಿ.

ನಾಲ್ಕನೆಯದಾಗಿ, ಹಳೆಯ ಥರ್ಮಾಮೀಟರು, ಬ್ಯಾಟರಿ, ಟ್ಯೂಬ್‌ಲೈಟುಗಳನ್ನು ಕಸದ ಬುಟ್ಟಿಗೆ ಎಸೆಯದೆ ಬಸದಿಯ ಆವರಣದಲ್ಲಿ ಸಂಗ್ರಹಿಸಿ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವ ಏರ್ಪಾಡು ಆಗಲಿ. ಸಮಾರಂಭಗಳ ಪ್ಲೇಟಿಂಗ್ ಸ್ಮರಣಿಕೆಗಳು ನಿಲ್ಲಲಿ. ಒಂದು ಪುಸ್ತಕ ಸಾಕು.

ನಮ್ಮ ಅಜ್ಜಿಯಂದಿರು ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿದ ಮೇಲೆ, ಬಟ್ಟೆಯಲ್ಲುಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಇಳಿಸುತ್ತಿದ್ದರು. ಬೇರೆ ನೀರಿಗೆ ಹಾಕಿದರೆ ಅವು ಬದುಕಲಾರವೆಂಬ ಎಚ್ಚರ ಅವರಿಗಿತ್ತು. ಕಣ್ಣಿಗೆ ಕಾಣದ ಜೀವಕ್ಕೂ ಅದರ ನೀರು ಅದಕ್ಕೆ ಸಲ್ಲಬೇಕೆಂಬುದೇ ಜಲಗಾಲನದ ಅರ್ಥ. ನೀರನ್ನು ಯಂತ್ರದಲ್ಲಿ ಶೋಧಿಸಿ ಕುಡಿಯುವ ನಾವು ಆ ವ್ರತದ ಅರ್ಧವನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಉಳಿದರ್ಧವೆಂದರೆ, ಬಳಸಿದ ನೀರನ್ನು ಜೀವಗಳು ಬದುಕಬಲ್ಲ ಸ್ಥಿತಿಯಲ್ಲಿ ಹಿಂದಿರುಗಿಸುವುದು. ಪರ್ವದ ಕೊನೆಯ ಕ್ಷಮಾವಾಣಿಯಂದು ಸಕಲ ಜೀವಿಗಳಲ್ಲಿ ಕ್ಷಮೆ ಬೇಡುವ ಮುನ್ನ, ನಮ್ಮ ನಮ್ಮ ಘಟಕದ ಮೋರಿ ಎಲ್ಲಿಗೆ ಸೇರುತ್ತದೆಂದು ಪ್ರತಿಯೊಬ್ಬ ಉದ್ಯಮಿಯೂ ಒಮ್ಮೆ ನಡೆದು ನೋಡಿ ಬರಲಿ.